ಟೊರೊಂಟೊ ನಗರದ ಅನುದಾನದಲ್ಲಿ ಜೇನು-ಚಿಟ್ಟೆಗಳ ತೋಟ: ಅರ್ಜಿ ಹಾಕುವ ಗುಂಪುಗಳಿಗೆ ಒಂದು ಕೈಪಿಡಿ

ಕೆನಡಾದ ಟೊರೊಂಟೊ ನಗರಾಡಳಿತವು ಪರಾಗಸ್ಪರ್ಶ ಮಾಡುವ ಜೀವಿಗಳ ರಕ್ಷಣೆಗೆಂದು 2018ರಲ್ಲಿ ಒಂದು ಕಾರ್ಯನೀತಿಯನ್ನು ಒಪ್ಪಿಕೊಂಡಿತು. ಅದರ ಬೆನ್ನಿಗೇ, 2019ರಿಂದ, ‘ಪಾಲಿನೇಟ್ ಟಿಒ’ ಎಂಬ ಹೆಸರಿನಲ್ಲಿ ಸಮುದಾಯದ ಗುಂಪುಗಳಿಗೆ ಸಣ್ಣ ಅನುದಾನಗಳನ್ನು ಕೊಡುತ್ತ ಬಂದಿದೆ. ಒಂದು ಯೋಜನೆಗೆ ಸಿಗುವುದು ಹೆಚ್ಚೆಂದರೆ 5,000 ಡಾಲರ್. ಜೇನುನೊಣ, ಚಿಟ್ಟೆ, ಪತಂಗ, ಹೂನೊಣಗಳಿಗೆ ಆಹಾರವೂ ಗೂಡಿನ ಜಾಗವೂ ಆಗಬಲ್ಲ ತೋಟವೊಂದನ್ನು ನೆರೆಹೊರೆಯವರು ಸೇರಿ ಮಾಡಬೇಕು, ಮಾಡುತ್ತಲೇ ಸುತ್ತಲಿನವರಿಗೆ ಅದರ ತಿಳಿವಳಿಕೆಯನ್ನೂ ಮುಟ್ಟಿಸಬೇಕು ಎಂಬುದು ಈ ಹಣದ ಉದ್ದೇಶ. ಬಹುಮಹಡಿ ಕಟ್ಟಡಗಳ ನಿವಾಸಿಗಳು, ಶಾಲೆಯ ಪೋಷಕರ ಗುಂಪುಗಳು, ದೇವಸ್ಥಾನದ ಸ್ವಯಂಸೇವಕರು, ಒಂದೇ ಬೀದಿಯ ನಾಲ್ಕಾರು ಮನೆಯವರು, ಹೀಗೆ ಯಾರು ಬೇಕಾದರೂ ಗುಂಪಾಗಿ ಪ್ರಯತ್ನಿಸಬಹುದಾದ ಅವಕಾಶ ಇದು. ಆ ನಗರದಲ್ಲಿರುವ ಕನ್ನಡ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯಲಾಗಿದೆ.

ಮೊದಲಿಗೆ ಗಡಿಯ ವಿಚಾರವನ್ನು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮವರು ಮಾತಿಗೆ ‘ಟೊರೊಂಟೊದಲ್ಲಿದ್ದೇವೆ’ ಎನ್ನುವುದುಂಟು, ಆದರೆ ವಾಸವಿರುವುದು ಬ್ರಾಂಪ್ಟನ್‌ನಲ್ಲೋ ಮಿಸಿಸಾಗದಲ್ಲೋ ಆಗಿರುತ್ತದೆ. ಅವು ಬೇರೆ ನಗರಗಳು. ಅಲ್ಲಿನ ನೆಲಕ್ಕೆ ಟೊರೊಂಟೊದ ಅನುದಾನ ಸಲ್ಲುವುದಿಲ್ಲ. ಹಳೆಯ ಟೊರೊಂಟೊ ನಗರ ಹಾಗೂ 1998ರಲ್ಲಿ ಅದರೊಡನೆ ವಿಲೀನಗೊಂಡ ಸ್ಕಾರ್ಬರೊ, ನಾರ್ತ್ ಯಾರ್ಕ್, ಎಟೊಬಿಕೊ, ಈಸ್ಟ್ ಯಾರ್ಕ್ ಮತ್ತು ಯಾರ್ಕ್ ಪ್ರದೇಶಗಳು ಮಾತ್ರ ಇದರ ವ್ಯಾಪ್ತಿಗೆ ಬರುತ್ತವೆ. ನೋಡಬೇಕಾದದ್ದು ತೋಟದ ವಿಳಾಸ. ಗುಂಪಿನ ಒಬ್ಬಿಬ್ಬರು ಮಿಸಿಸಾಗದಿಂದ ಬಂದು ಕೈಜೋಡಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ಅರ್ಜಿಯ ನಮೂನೆ ಕೈಗೆ ಸಿಕ್ಕ ಕೂಡಲೇ ತುಂಬಲು ಕುಳಿತುಕೊಳ್ಳುವುದು ಸಹಜ, ಆದರೆ ಅದು ಸರಿಯಾದ ಕ್ರಮವಲ್ಲ. ನೆಲ, ಜನ, ಗಿಡ, ಲೆಕ್ಕ ಇವು ನಾಲ್ಕೂ ಗಟ್ಟಿಯಾದ ಮೇಲೆ ಅರ್ಜಿ ಬರೆಯುವುದು ಎರಡು ಸಂಜೆಯ ಕೆಲಸ. ಇವುಗಳಲ್ಲಿ ಒಂದು ಸಡಿಲವಿದ್ದರೂ ಎಷ್ಟು ಚೆಂದದ ಇಂಗ್ಲಿಷಿನಲ್ಲಿ ಬರೆದರೂ ಅದು ಎದ್ದು ಕಾಣುತ್ತದೆ. ಹೂವಿನ ತೋಟ ಬೇಕು ಎಂಬ ಆಸೆಯನ್ನು ಎಲ್ಲ ಅರ್ಜಿಗಳೂ ಹೇಳುತ್ತವೆ. ಮೂರನೆಯ ಬೇಸಿಗೆಯಲ್ಲಿ ಆ ತೋಟಕ್ಕೆ ನೀರು ಹಾಕುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಅರ್ಜಿಗಳು ಕಡಿಮೆ. ಓದುವವರ ಕಣ್ಣು ಹುಡುಕುವುದು ಆ ಉತ್ತರವನ್ನೇ ಎಂದು ತಿಳಿದು ಕೆಲಸ ಶುರುಮಾಡಬೇಕು.

ನೆಲ ಮತ್ತು ಒಪ್ಪಿಗೆಪತ್ರ

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ, ಹತ್ತಿರದಲ್ಲಿ ನೀರಿನ ನಲ್ಲಿ ಇರುವ, ದಾರಿಹೋಕರ ಕಣ್ಣಿಗೆ ಬೀಳುವ ಜಾಗ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ನೆರಳಿನ ಜಾಗದಲ್ಲೂ ತೋಟ ಮಾಡಬಹುದು, ಆದರೆ ಗಿಡಗಳ ಪಟ್ಟಿ ಪೂರ್ತಿ ಬದಲಾಗುತ್ತದೆ. ನಲ್ಲಿ ಇಲ್ಲದ ಜಾಗವನ್ನು ಮಾತ್ರ ಮೊದಲ ಯೋಜನೆಗೆ ಆರಿಸಿಕೊಳ್ಳಬೇಡಿ. ಬಕೆಟ್ಟಿನಲ್ಲಿ ನೀರು ಹೊತ್ತು ನೂರು ಸಸಿ ಬದುಕಿಸುತ್ತೇವೆ ಎಂಬ ಹುಮ್ಮಸ್ಸು ಜೂನ್ ತಿಂಗಳ ಕೊನೆಯವರೆಗೂ ಉಳಿಯುವುದು ಕಷ್ಟ.

ನೆಲದ ಒಡೆಯರು ಯಾರೆಂಬುದನ್ನು ಖಚಿತಪಡಿಸಿಕೊಳ್ಳಿ. ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ರಸ್ತೆಗೆ ಹೊಂದಿಕೊಂಡ ಪಟ್ಟಿ ನೋಡಲು ಮನೆಯವರದ್ದೇ ಎನಿಸಿದರೂ ಬಹುಪಾಲು ನಗರದ ಸ್ವತ್ತಾಗಿರುತ್ತದೆ. ಅಲ್ಲಿ ಎತ್ತರದ ಗಿಡ ಬೆಳೆದು ತಿರುವಿನಲ್ಲಿ ವಾಹನ ಓಡಿಸುವವರ ನೋಟಕ್ಕೆ ಅಡ್ಡವಾದರೆ ತೆಗೆಸುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಆ ಪಟ್ಟಿಯ ಮಣ್ಣಿಗೂ ಸೇರುತ್ತದೆ. ಉದ್ಯಾನವನದ ನೆಲಕ್ಕೆ ಉದ್ಯಾನ ವಿಭಾಗದ ಒಪ್ಪಿಗೆ ಬೇಕು. ನಗರದ ಸುಮಾರು ಶೇ. 17ರಷ್ಟು ನೆಲವನ್ನು ಆವರಿಸಿರುವ ಹಳ್ಳಕೊಳ್ಳಗಳ ಪ್ರದೇಶಕ್ಕೆ, ಅಂದರೆ ಅಲ್ಲಿನವರು ‘ರೆವೀನ್’ ಎನ್ನುವ ಕಣಿವೆಗಳಿಗೆ, ಪ್ರತ್ಯೇಕ ರಕ್ಷಣಾ ನಿಯಮವೇ ಇದೆ. ಪರವಾನಗಿ ಇಲ್ಲದೆ ಅಲ್ಲಿ ಮಣ್ಣು ತುಂಬುವಂತಿಲ್ಲ, ನೆಲದ ಮಟ್ಟ ಬದಲಿಸುವಂತಿಲ್ಲ, ಮರಕ್ಕೆ ಧಕ್ಕೆ ಮಾಡುವಂತಿಲ್ಲ. ಹೊಸ ಗುಂಪಿಗೆ ಇವೆಲ್ಲ ಭಾರವಾಗುತ್ತವೆ. ಶಾಲೆ, ದೇವಸ್ಥಾನ, ಚರ್ಚು, ಸಹಕಾರಿ ವಸತಿ ಸಂಕೀರ್ಣ ಅಥವಾ ಬಾಡಿಗೆ ಕಟ್ಟಡದ ಅಂಗಳ ಹಿಡಿದರೆ ಒಬ್ಬರ ಒಪ್ಪಿಗೆಯಲ್ಲಿ ಕೆಲಸ ಮುಗಿಯುತ್ತದೆ.

ಆ ಒಪ್ಪಿಗೆ ಬಾಯಿಮಾತಿನಲ್ಲಿ ಇರಬಾರದು. ಪತ್ರದಲ್ಲಿ ಜಾಗದ ವಿಳಾಸ, ಅಳತೆ, ತೋಟ ಎಷ್ಟು ವರ್ಷ ಅಲ್ಲಿರುತ್ತದೆ, ನಲ್ಲಿಯ ನೀರನ್ನು ಬಳಸಬಹುದೇ, ಸಲಕರಣೆ ಇಡಲು ಮೂಲೆ ಸಿಗುತ್ತದೆಯೇ, ಇವೆಲ್ಲ ಬರೆಹದಲ್ಲಿರಲಿ. ಇನ್ನೊಂದು ವಾಕ್ಯವನ್ನು ಮರೆಯದೆ ಸೇರಿಸಬೇಕು: ಹುಲ್ಲು ಕತ್ತರಿಸುವ ಗುತ್ತಿಗೆದಾರರಿಗೆ ಈ ಮಡಿಯ ಗಡಿಯನ್ನು ತಿಳಿಸುವ ಹೊಣೆ ಕಟ್ಟಡದ ಆಡಳಿತದ್ದು. ಇಂಥ ತೋಟಗಳು ಹಾಳಾಗುವುದು ಬರಗಾಲದಿಂದ ಮಾತ್ರವಲ್ಲ. ಮೇ ತಿಂಗಳಲ್ಲಿ ಎರಡು ಅಂಗುಲ ಚಿಗುರಿದ ಸ್ಥಳೀಯ ಗಿಡ ನೋಡಲು ಕಳೆಯಂತೆಯೇ ಇರುತ್ತದೆ. ಗುತ್ತಿಗೆಯ ಆಳು ಯಂತ್ರ ಹಿಡಿದು ಬಂದು ಹತ್ತು ನಿಮಿಷದಲ್ಲಿ ವರ್ಷದ ಕೆಲಸವನ್ನು ಸಮತಟ್ಟು ಮಾಡಿ ಹೋಗುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇರುವುದಿಲ್ಲ. ಮಡಿಯ ಸುತ್ತ ಕಲ್ಲು ಅಥವಾ ಮರದ ದಿಮ್ಮಿಯ ಅಂಚು ಕಟ್ಟಿ, ನಾಲ್ಕು ಮೂಲೆಗೂ ಮೊಣಕಾಲೆತ್ತರದ ಗೂಟ ನೆಟ್ಟು, ಒಂದು ಫಲಕ ನಿಲ್ಲಿಸುವುದಕ್ಕೆ ಅಂದಾಜುಪಟ್ಟಿಯಲ್ಲೇ ಹಣ ತೆಗೆದಿಡಿ.

ಅಂಚು ಮತ್ತು ಫಲಕಗಳಿಂದ ಇನ್ನೊಂದು ಲಾಭವೂ ಇದೆ. ಟೊರೊಂಟೊದ ನಿಯಮದ ಪ್ರಕಾರ ಹುಲ್ಲುಹಾಸಿನ ಹುಲ್ಲು 20 ಸೆಂಟಿಮೀಟರಿಗಿಂತ ಎತ್ತರ ಬೆಳೆಯಬಾರದು. ಹೂಗಿಡಗಳಿಗೆ ಈ ಮಿತಿ ಅನ್ವಯಿಸದಿದ್ದರೂ, ಅಂಕೆಯಿಲ್ಲದೆ ಬೆಳೆದಂತೆ ಕಾಣುವ ತೋಟದ ಮೇಲೆ ಪಕ್ಕದವರು ದೂರು ಕೊಡುವುದುಂಟು. ಇದು ಹಳೆಯ ಜಗಳ. ತನ್ನ ಮನೆಯ ಮುಂದೆ ಸಹಜ ತೋಟ ಬೆಳೆಸಿದ್ದಕ್ಕೆ 50 ಡಾಲರ್ ದಂಡ ಬಿದ್ದ ಟೊರೊಂಟೊದ ಮಹಿಳೆಯೊಬ್ಬರು ನ್ಯಾಯಾಲಯಕ್ಕೆ ಹೋಗಿ, 1996ರಲ್ಲಿ ಗೆದ್ದರು. ಅಂಥ ತೋಟವೂ ಒಬ್ಬರ ಅಭಿವ್ಯಕ್ತಿಯೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಿತು. ಆದರೂ ದಿನನಿತ್ಯ ಎದುರುಮನೆಯವರ ಮುಖ ನೋಡಬೇಕಾದವರಿಗೆ ನ್ಯಾಯಾಲಯದ ತೀರ್ಪಿಗಿಂತ ಅಚ್ಚುಕಟ್ಟಾದ ಅಂಚೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜನ

ಒಬ್ಬರ ಹೆಸರಿನಲ್ಲಿ, ಒಬ್ಬರ ಹಿತ್ತಲಿಗೆಂದು ಈ ಅನುದಾನ ಸಿಗುವುದಿಲ್ಲ. ಗುಂಪು ನೋಂದಾಯಿತವಲ್ಲದಿದ್ದರೆ ಹಣವನ್ನು ಸ್ವೀಕರಿಸಿ ಲೆಕ್ಕ ಇಡಬಲ್ಲ ಸಂಸ್ಥೆಯೊಂದರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಜಾಣತನ. ಕಟ್ಟಡದ ನಿವಾಸಿಗಳ ಸಂಘವೋ ಬಡಾವಣೆಯ ಸೇವಾಸಂಸ್ಥೆಯೋ ಈ ಕೆಲಸಕ್ಕೆ ಒಪ್ಪುವುದುಂಟು. ನಗರವು ಸೌಲಭ್ಯಗಳ ಕೊರತೆಯಿದೆಯೆಂದು ಗುರುತಿಸಿರುವ ಬಡಾವಣೆಗಳಿಗೂ ಮೂಲನಿವಾಸಿ ಸಮುದಾಯಗಳು ನಡೆಸುವ ಯೋಜನೆಗಳಿಗೂ ಆದ್ಯತೆ ಇರುವುದರಿಂದ, ನಿಮ್ಮ ಬೀದಿ ಆ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು, ಇದ್ದರೆ ಅರ್ಜಿಯ ಮೊದಲ ಪುಟದಲ್ಲೇ ಹೇಳಿ.

ತೋಟಕ್ಕೆ ಜನ ಬೇಕಾಗುವುದು ನೆಡುವ ದಿನವಲ್ಲ. ಆ ದಿನ ಮಕ್ಕಳುಮರಿಯೊಂದಿಗೆ ಎಲ್ಲರೂ ಬರುತ್ತಾರೆ, ತಿಂಡಿ ಹಂಚುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಕಾಗುವುದು ಜುಲೈ ಮತ್ತು ಆಗಸ್ಟ್ ತಿಂಗಳಲ್ಲಿ, ಮೊದಲ ವರ್ಷದ ಬೇರು ಇನ್ನೂ ಮೇಲಿನ ಮಣ್ಣಿನಲ್ಲೇ ಇರುವಾಗ. ಅದೇ ಎರಡು ತಿಂಗಳು ಶಾಲೆಗೆ ರಜೆ, ಅದೇ ಹೊತ್ತಿಗೆ ನಮ್ಮ ಕುಟುಂಬಗಳಲ್ಲಿ ಅರ್ಧದಷ್ಟು ಊರಿಗೆ ವಿಮಾನ ಹತ್ತಿರುತ್ತವೆ. ಆದ್ದರಿಂದ ಸರದಿಯ ಪಟ್ಟಿಯನ್ನು ವಸಂತದಲ್ಲಿ ಅಲ್ಲ, ಅರ್ಜಿ ಬರೆಯುವಾಗಲೇ ಹಾಕಿಕೊಳ್ಳಬೇಕು; ಯಾರ ಟಿಕೆಟ್ ಯಾವ ತಿಂಗಳಿಗಿದೆ ಎಂದು ಕೇಳಿಕೊಂಡು ಹಾಕಬೇಕು. ಶಾಲೆಯ ಅಂಗಳದಲ್ಲಿ ತೋಟ ಮಾಡುವವರಂತೂ ರಜೆಯಲ್ಲಿ ಗೇಟಿನ ಬೀಗ ಯಾರ ಬಳಿ ಇರುತ್ತದೆ, ಹೊರಗಿನ ನಲ್ಲಿಯ ಕೀಲಿ ಸಿಗುತ್ತದೆಯೇ ಎಂಬುದನ್ನು ಶಾಲೆಯ ಆಡಳಿತದಿಂದ ಬರೆಸಿಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ ನಮ್ಮಲ್ಲೊಂದು ಅನುಕೂಲವೂ ಉಂಟು. ಮಕ್ಕಳ ಮನೆಗೆಂದು ಬಂದು ಬೇಸಿಗೆಯನ್ನು ಅಲ್ಲೇ ಕಳೆಯುವ ಅಪ್ಪ-ಅಮ್ಮಂದಿರು ಬೆಳಿಗ್ಗೆ ಬೇಗ ಏಳುತ್ತಾರೆ, ಅವರಿಗೆ ಹೊತ್ತು ಹೋಗುವುದಿಲ್ಲ, ಮಣ್ಣಿನ ಪರಿಚಯ ಅವರಿಗೆ ಮಕ್ಕಳಿಗಿಂತ ಹೆಚ್ಚು. ಅಂಥ ಇಬ್ಬರು ಹಿರಿಯರು ಕಟ್ಟಡದಲ್ಲಿದ್ದರೆ ನೀರಿನ ಸರದಿಯ ಚಿಂತೆ ಬಹುಮಟ್ಟಿಗೆ ಕಳೆಯುತ್ತದೆ. ಆದರೆ ಅವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಬೇಕು: ಇಲ್ಲಿ ಮೆಂತ್ಯದ ಸೊಪ್ಪು, ಬದನೆ, ಅವರೆ ಹಾಕುವಂತಿಲ್ಲ. ಸಮುದಾಯದ ತರಕಾರಿ ಮಡಿಗಳಿಗೆ ಬೇರೆ ವ್ಯವಸ್ಥೆ ಇದೆ. ಈ ಹಣ ಸ್ಥಳೀಯ ಹೂಗಿಡಗಳಿಗೆ.

ಗಿಡಗಳ ಆಯ್ಕೆ

ಟೊರೊಂಟೊದಲ್ಲಿ 360ಕ್ಕೂ ಹೆಚ್ಚು ಬಗೆಯ ಜೇನುನೊಣಗಳಿವೆ ಎಂದರೆ ಹೆಜ್ಜೇನು, ತುಡುವೆ, ಕೋಲ್ಜೇನು ಎಂದು ನಾಲ್ಕೈದು ಹೆಸರು ಎಣಿಸಿ ಬೆಳೆದ ನಮಗೆ ಆಶ್ಚರ್ಯವಾಗುತ್ತದೆ. ಅವುಗಳಲ್ಲಿ ಬಹುಪಾಲು ತುಪ್ಪ ಕೂಡಿಡುವುದಿಲ್ಲ, ಹುಟ್ಟು ಕಟ್ಟುವುದಿಲ್ಲ, ಒಂಟಿಯಾಗಿ ಬಾಳುತ್ತವೆ. ಸುಮಾರು ಶೇ. 70ರಷ್ಟು ಸ್ಥಳೀಯ ಜಾತಿಗಳು ನೆಲದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. 2018ರಲ್ಲಿ ನಗರವು ತನ್ನ ಅಧಿಕೃತ ಜೇನು ಎಂದು ಆರಿಸಿಕೊಂಡ ‘ಅಗಾಪೊಸ್ಟೆಮಾನ್ ವಿರೆಸೆನ್ಸ್’ ಅಂಥದ್ದೇ ಒಂದು ಜಾತಿ: ತಲೆ ಮತ್ತು ಎದೆ ಹೊಳೆಯುವ ಪಚ್ಚೆ ಬಣ್ಣ, ಹೆಣ್ಣಿನ ಹೊಟ್ಟೆಯ ಮೇಲೆ ಕಪ್ಪು-ಬಿಳಿ ಪಟ್ಟೆ. ಹಲವು ಹೆಣ್ಣುಗಳು ಒಂದೇ ಬಾಗಿಲಿನಿಂದ ನೆಲದೊಳಗೆ ಹೋಗಿ, ಒಳಗೆ ತಂತಮ್ಮ ಕೋಣೆಗಳಲ್ಲಿ ಬೇರೆಬೇರೆಯಾಗಿ ಸಂಸಾರ ಮಾಡುತ್ತವೆ. ಅಂಗಳದ ತುಂಬ ಮರದ ಚಕ್ಕೆ ಹಾಸಿಬಿಟ್ಟರೆ ಇವುಗಳಿಗೆ ನೆಲ ಸಿಗದು. ಬಿಸಿಲು ಬೀಳುವ ಒಂದೆರಡು ಚದರ ಮೀಟರ್ ಮಣ್ಣನ್ನು ಬರಿದಾಗಿ ಬಿಡುವ ನಿರ್ಧಾರವನ್ನು ನಕ್ಷೆಯಲ್ಲೇ ತೋರಿಸಿ. ಅರ್ಜಿದಾರರು ವಿಷಯ ತಿಳಿದವರು ಎಂದು ಓದುವವರಿಗೆ ಅಷ್ಟರಿಂದಲೇ ಗೊತ್ತಾಗುತ್ತದೆ.

ಹಾಗೆಯೇ ಎರಡು ವಸ್ತುಗಳನ್ನು ಅರ್ಜಿಯಲ್ಲಿ ಕೇಳದಿರುವುದು ಒಳ್ಳೆಯದು. ಒಂದು, ಜೇನುಸಾಕಣೆಯ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸಾಕುವ ಜೇನು ಯುರೋಪಿನಿಂದ ತಂದದ್ದು, ಅದು ಅಲ್ಲಿನ ಸ್ಥಳೀಯ ಜಾತಿಗಳೊಡನೆ ಹೂವಿಗಾಗಿ ಪೈಪೋಟಿಗೆ ಇಳಿಯುತ್ತದೆ. ಇನ್ನೊಂದು, ಅಂಗಡಿಯಲ್ಲಿ ಮಾರುವ ‘ಬೀ ಹೋಟೆಲ್’, ಅಂದರೆ ಬಿದಿರಿನ ಕೊಳವೆಗಳನ್ನು ಜೋಡಿಸಿದ ಗೂಡು. ಟೊರೊಂಟೊದಲ್ಲೇ ಮೂರು ವರ್ಷ ಕಾಲ ಸುಮಾರು 600 ಇಂಥ ಗೂಡುಗಳನ್ನಿಟ್ಟು ನಡೆಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವುಗಳಲ್ಲಿ ಸೇರಿಕೊಂಡ ಜೇನುಗಳ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಹೊರಗಿನಿಂದ ಬಂದ ಜಾತಿಗಳಾಗಿದ್ದವು. ಮುಕ್ಕಾಲುಪಾಲು ಗೂಡುಗಳಲ್ಲಿ ಕಣಜಗಳು ಮನೆಮಾಡಿದ್ದವು. ಮಕ್ಕಳಿಗೆ ತೋರಿಸಲು ಅದು ಚೆಂದದ ಆಟಿಕೆಯಾದೀತು, ಜೇನಿನ ರಕ್ಷಣೆ ಎನ್ನುವುದು ಕಷ್ಟ.

ಗಿಡಗಳನ್ನು ಆರಿಸುವಾಗ ಮೂರು ಕಾಲಕ್ಕೂ ಹೂವಿರುವಂತೆ ನೋಡಿಕೊಳ್ಳಿ. ಹಿಮ ಕರಗಿದ ಕೂಡಲೇ ಏಳುವ ಬಂಬಲ್ ಬೀ ಎಂಬ ದಪ್ಪ ಮೈಯ ಜೇನಿನ ರಾಣಿಗೆ ಪುಸ್ಸಿ ವಿಲೋ ಪೊದೆ, ಆಮೇಲೆ ಸರ್ವೀಸ್‌ಬೆರಿ, ವೈಲ್ಡ್ ಕಾಲಂಬೈನ್. ಬೇಸಿಗೆಗೆ ವೈಲ್ಡ್ ಬರ್ಗಮಾಟ್, ಬ್ಲ್ಯಾಕ್ ಐಡ್ ಸೂಸನ್, ಜೋ ಪೈ ವೀಡ್, ಮಿಲ್ಕ್‌ವೀಡ್. ಕೊನೆಗೆ, ನವರಾತ್ರಿಯ ಹೊತ್ತಿಗೆ, ಉಳಿದೆಲ್ಲ ಹೂ ಮುಗಿದಾಗ, ನೇರಳೆ ಬಣ್ಣದ ನ್ಯೂ ಇಂಗ್ಲೆಂಡ್ ಆಸ್ಟರ್ ಮತ್ತು ಹಳದಿ ಗೋಲ್ಡನ್‌ರಾಡ್. ಆಸ್ಟರ್ ನಮ್ಮ ಸೇವಂತಿಗೆಯ ಕುಟುಂಬದ್ದೇ; ಆದರೆ ಅಂಗಡಿಯವರು ಆ ಋತುವಿನಲ್ಲಿ ಕುಂಡಗಳಲ್ಲಿ ಮಾರುವ ಒತ್ತೆಸಳಿನ ಸೇವಂತಿಗೆಯಲ್ಲಿ ಜೇನಿಗೆ ದಕ್ಕುವ ಪರಾಗ ಹೆಚ್ಚೇನೂ ಇರುವುದಿಲ್ಲ. ಗೋಲ್ಡನ್‌ರಾಡ್ ಹೆಸರೆತ್ತಿದರೆ ಯಾರಾದರೊಬ್ಬರು ಅಲರ್ಜಿಯ ಮಾತು ತೆಗೆದೇ ತೆಗೆಯುತ್ತಾರೆ. ಅದರ ಪರಾಗ ಭಾರವಾದದ್ದು, ಕೀಟಗಳ ಮೈಗಂಟಿ ಸಾಗುವಂಥದ್ದು. ಗಾಳಿಯಲ್ಲಿ ತೇಲಿಬಂದು ಸೀನು ಬರಿಸುವುದು ಅದೇ ಸಮಯಕ್ಕೆ ಹೂಬಿಡುವ ರ‍್ಯಾಗ್‌ವೀಡ್ ಎಂಬ ಕಳೆ. ಇಷ್ಟಾದರೂ ಸಣ್ಣ ಮಡಿಗೆ ಕೆನಡಾ ಗೋಲ್ಡನ್‌ರಾಡ್ ತರಬೇಡಿ, ಬೇರಿನಿಂದ ಹರಡಿ ಎಲ್ಲವನ್ನೂ ನುಂಗುತ್ತದೆ. ನೆರಳಿದ್ದರೆ ಜಿಗ್‌ಜಾಗ್ ಗೋಲ್ಡನ್‌ರಾಡ್ ಸಾಕು.

ಮಿಲ್ಕ್‌ವೀಡ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಮೊನಾರ್ಕ್ ಚಿಟ್ಟೆಯ ಮರಿಹುಳು ತಿನ್ನುವುದು ಈ ಗಿಡದ ಎಲೆಯನ್ನು ಮಾತ್ರ. ಕೆನಡಾ ಸರ್ಕಾರವು ಮೊನಾರ್ಕನ್ನು 2023ರ ಡಿಸೆಂಬರಿನಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ನಮ್ಮ ಊರಿನ ಎಕ್ಕದ ಗಿಡ ಇದೇ ಕುಟುಂಬಕ್ಕೆ ಸೇರಿದ್ದು. ಎಲೆ ಮುರಿದರೆ ಅದೇ ಬಿಳಿ ಹಾಲು, ಅದರ ಎಲೆಯ ಮೇಲೆ ಪಟ್ಟೆಪಟ್ಟೆಯ ಮೈಯ ಹುಳು, ಆ ಹುಳುವಿನಿಂದ ಏಳುವ ಕೇಸರಿ ಬಣ್ಣದ ಚಿಟ್ಟೆ ಮೊನಾರ್ಕಿನ ದಾಯಾದಿ. ಹಾಗಾಗಿ ಕಟ್ಟಡದ ಹಿರಿಯರಿಗೆ ಇದನ್ನು ವಿವರಿಸಲು ಪುಸ್ತಕ ಬೇಡ. ತೇವ ನಿಲ್ಲುವ ಮಣ್ಣಿಗೆ ಸ್ವಾಂಪ್ ಮಿಲ್ಕ್‌ವೀಡ್, ಒಣ ಮರಳು ಮಣ್ಣಿಗೆ ಬಟರ್‌ಫ್ಲೈ ಮಿಲ್ಕ್‌ವೀಡ್ ಹೊಂದುತ್ತವೆ. ಇದರ ಜೊತೆ ತೋಟದ ಬೇಲಿಯಲ್ಲಿ ‘ಡಾಗ್ ಸ್ಟ್ರ್ಯಾಂಗ್ಲಿಂಗ್ ವೈನ್’ ಎಂಬ ಬಳ್ಳಿ ಇದೆಯೇ ಎಂದು ಹುಡುಕಬೇಕು. ಯುರೋಪಿನಿಂದ ಬಂದ ಈ ಬಳ್ಳಿಯೂ ಮಿಲ್ಕ್‌ವೀಡ್ ಕುಟುಂಬದ್ದು, ಟೊರೊಂಟೊದ ಕಣಿವೆಗಳಲ್ಲಿ ದಟ್ಟವಾಗಿ ಹಬ್ಬಿದೆ. ಮೊನಾರ್ಕ್ ಮೋಸಹೋಗಿ ಇದರ ಮೇಲೆ ಮೊಟ್ಟೆಯಿಟ್ಟರೆ ಮರಿಗಳು ಬದುಕುವುದಿಲ್ಲ. ನೀವು ಮಿಲ್ಕ್‌ವೀಡ್ ನೆಡುವ ಅಂಗಳದಿಂದ ಇದನ್ನು ಬೇರುಸಹಿತ ತೆಗೆಯುವುದನ್ನು ಯೋಜನೆಯ ಒಂದು ಕೆಲಸವೆಂದೇ ಅರ್ಜಿಯಲ್ಲಿ ಬರೆಯಬಹುದು.

ಗಿಡ ಕೊಳ್ಳುವಾಗ ವೈಜ್ಞಾನಿಕ ಹೆಸರಿನಿಂದಲೇ ಕೇಳಿ, ಏಕೆಂದರೆ ಒಂದೇ ಬಳಕೆಯ ಹೆಸರಿನಲ್ಲಿ ಬೇರೆ ದೇಶದ ಗಿಡವನ್ನೂ ಮಾರುತ್ತಾರೆ. ನಿಯೋನಿಕೋಟಿನಾಯ್ಡ್ ಕೀಟನಾಶಕ ಬಳಸಿ ಬೆಳೆಸಿದ ಸಸಿಯೇ ಎಂದು ವಿಚಾರಿಸಿಕೊಳ್ಳಿ; ಜೇನಿಗೆಂದು ನೆಟ್ಟ ಗಿಡವೇ ಜೇನಿಗೆ ವಿಷವಾಗಬಾರದು. ಟೊರೊಂಟೊದಲ್ಲಿ 1984ರಲ್ಲಿ ಆರಂಭವಾದ ನಾರ್ತ್ ಅಮೆರಿಕನ್ ನೇಟಿವ್ ಪ್ಲಾಂಟ್ ಸೊಸೈಟಿ ಮೇ ತಿಂಗಳಲ್ಲಿ ಸ್ಥಳೀಯ ಗಿಡಗಳ ಮಾರಾಟ ಏರ್ಪಡಿಸುತ್ತ ಬಂದಿದೆ. ನೂರಾರು ಸಸಿ ಬೇಕಾದವರು ಮಾತ್ರ ಅಲ್ಲಿಗೆ ಹೋಗುವುದಕ್ಕಿಂತ ಚಳಿಗಾಲದಲ್ಲೇ ನರ್ಸರಿಗೆ ಹೇಳಿಟ್ಟು ಕಾಯ್ದಿರಿಸುವುದು ಲೇಸು.

ಲೆಕ್ಕ

30 ಚದರ ಮೀಟರಿನ, ಅಂದರೆ ಆರು ಮೀಟರ್ ಉದ್ದ ಐದು ಮೀಟರ್ ಅಗಲದ ಮಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಗಿಡದಿಂದ ಗಿಡಕ್ಕೆ ಅರ್ಧ ಮೀಟರ್ ಬಿಟ್ಟರೆ ಚದರ ಮೀಟರಿಗೆ ನಾಲ್ಕು, ಒಟ್ಟು 120 ಸಸಿ. ಹತ್ತು ಜಾತಿ, ಪ್ರತಿ ಜಾತಿಯಲ್ಲಿ ಹನ್ನೆರಡು; ಒಂದೊಂದನ್ನು ಅಲ್ಲಲ್ಲಿ ಚದುರಿಸದೆ ನಾಲ್ಕಾರರ ಗುಂಪಾಗಿ ನೆಟ್ಟರೆ ಜೇನಿಗೆ ಹುಡುಕಾಟ ತಪ್ಪುತ್ತದೆ. ಸಸಿಗೆ ಆರು ಡಾಲರ್ ಎಂದು ಹಿಡಿದರೆ 720 ಡಾಲರ್. ಐದು ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಲು ಒಂದೂವರೆ ಘನ ಮೀಟರ್ ಬೇಕು. ಇದರ ಮೇಲೆ ಸಾಗಣೆ, ಅಂಚಿನ ಕಲ್ಲು, ಪೈಪು, ಸಲಿಕೆ, ಕೈಗವಸು, ಫಲಕ, ತಿಳಿವಳಿಕೆಯ ಕಾರ್ಯಾಗಾರಕ್ಕೆ ಬರುವವರ ಗೌರವಧನ. ಎರಡನೆಯ ವಸಂತಕ್ಕೆ ಸತ್ತ ಸಸಿಗಳ ಜಾಗ ತುಂಬಲು ಗಿಡಗಳ ಖರ್ಚಿನ ಹತ್ತನೇ ಒಂದು ಭಾಗ ಬೇರೆ ಇಡಿ. ಹೀಗೆ ಕೂಡಿ ಬಂದ ಮೊತ್ತ 3,400 ಆದರೆ 3,400 ಕೇಳಿ. ಮಿತಿ 5,000 ಇದೆಯೆಂದು ಲೆಕ್ಕವನ್ನು ಅಲ್ಲಿಗೆ ಎಳೆದು ಮುಟ್ಟಿಸಿದರೆ ‘ಇತರೆ’ ಎಂಬ ಸಾಲು ಊದಿಕೊಂಡು ಕಾಣುತ್ತದೆ. ಗುಂಪಿನವರ ದುಡಿಮೆಯ ಗಂಟೆಗಳನ್ನೂ ಪುಕ್ಕಟೆ ಸಿಕ್ಕ ಸಾಮಗ್ರಿಯನ್ನೂ ಬೇರೆ ಅಂಕಣದಲ್ಲಿ ತೋರಿಸುವುದು ವಾಡಿಕೆ.

ಅರ್ಜಿಯ ಬರವಣಿಗೆ

ಪ್ರತಿ ವರ್ಷದ ಮಾರ್ಗಸೂಚಿಯನ್ನು ಆಯಾ ವರ್ಷವೇ ಓದಬೇಕು, ದಿನಾಂಕಗಳೂ ಷರತ್ತುಗಳೂ ಬದಲಾಗುತ್ತವೆ. ಅರ್ಜಿಯ ಗಡುವಿಗೂ ಸಸಿ ನೆಡುವ ದಿನಕ್ಕೂ ನಡುವೆ ಒಂದು ಚಳಿಗಾಲವೇ ಇರಬಹುದಾದ್ದರಿಂದ ತಯಾರಿ ಒಂದು ವರ್ಷ ಮುಂಚೆ ಶುರುವಾಗಲಿ. ಬರವಣಿಗೆಯಲ್ಲಿ ಭಾವುಕತೆ ಬೇಡ. ‘ನಮ್ಮ ಸಮುದಾಯಕ್ಕೆ ಪ್ರಕೃತಿಯ ಮೇಲೆ ಅಪಾರ ಪ್ರೀತಿ, ಈ ತೋಟ ಎಲ್ಲರನ್ನೂ ಒಗ್ಗೂಡಿಸುತ್ತದೆ’ ಎಂದರೆ ಓದುವವರಿಗೆ ತಿಳಿಯುವುದು ಏನೂ ಇಲ್ಲ. ಅದನ್ನೇ ಹೀಗೆ ಬರೆಯಬಹುದು: ‘ಕಟ್ಟಡದ ದಕ್ಷಿಣ ಬಾಗಿಲ ಪಕ್ಕದ 30 ಚದರ ಮೀಟರ್ ಹುಲ್ಲನ್ನು ತೆಗೆದು ಹತ್ತು ಜಾತಿಯ 120 ಸ್ಥಳೀಯ ಗಿಡ ನೆಡುತ್ತೇವೆ, ಬಸ್ ನಿಲ್ದಾಣಕ್ಕೆ ಹೋಗುವ ನಿವಾಸಿಗಳೆಲ್ಲ ಇದನ್ನು ದಾಟಿಯೇ ಹೋಗುತ್ತಾರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಆರು ಮನೆಗಳ ಸರದಿ ಪಟ್ಟಿ ಲಗತ್ತಿಸಿದೆ.’ ಇದರ ಜೊತೆ ಜಾಗದ ಈಗಿನ ಫೋಟೋ, ಅಳತೆ ಸಹಿತ ಕೈನಕ್ಷೆ, ಹೂಬಿಡುವ ತಿಂಗಳುಗಳನ್ನು ಗುರುತಿಸಿದ ಗಿಡಗಳ ಪಟ್ಟಿ, ಒಪ್ಪಿಗೆಪತ್ರ ಇದ್ದರೆ ಬೇರೆ ಅಲಂಕಾರ ಬೇಕಿಲ್ಲ.

ನಿಮ್ಮ ಜಾಗ ಯಾವುದಾದರೂ ದೊಡ್ಡ ಹಸಿರು ಪಟ್ಟಿಯ ಹತ್ತಿರವಿದ್ದರೆ ಹೇಳಲು ಮರೆಯಬೇಡಿ. ಸ್ಕಾರ್ಬರೊದಲ್ಲಿ ವಿದ್ಯುತ್ ತಂತಿಗಳ ಕೆಳಗಿನ 16 ಕಿಲೋಮೀಟರ್ ಉದ್ದದ ಹುಲ್ಲುನೆಲವನ್ನು ‘ಮೆಡೊವೇ’ ಎಂಬ ಹೆಸರಿನಲ್ಲಿ ಹೂಗಾವಲಾಗಿ ಮಾರ್ಪಡಿಸಿ, ಡಾನ್ ನದಿಯ ಕಣಿವೆಯಿಂದ ರೂಜ್ ರಾಷ್ಟ್ರೀಯ ನಗರ ಉದ್ಯಾನದವರೆಗೆ ಜೋಡಿಸುವ ಕೆಲಸ ನಡೆದಿದೆ. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರಿಗಿಂತ ದೂರ ಹೋಗಲಾರವು. ಹಾಗಾಗಿ ಅಂಥ ಪಟ್ಟಿಗೆ ಸಮೀಪದಲ್ಲಿ, ಒಂದೇ ಬೀದಿಯ ಹಲವು ಅಂಗಳಗಳಲ್ಲಿ ಸಾಲಾಗಿ ಮಾಡಿದ ಚಿಕ್ಕ ಮಡಿಗಳಿಗೆ ಒಂಟಿ ಮಡಿಗಿಲ್ಲದ ಬೆಲೆ ಬರುತ್ತದೆ.

ಹಣ ಬಂದ ಮೇಲೆ

ಸಲಿಕೆ ಹಿಡಿಯುವ ಮೊದಲು ನೆಲದಡಿಯ ಅನಿಲ, ವಿದ್ಯುತ್, ದೂರವಾಣಿ ಮಾರ್ಗಗಳನ್ನು ಗುರುತು ಮಾಡಿಸಬೇಕು. ಒಂಟಾರಿಯೊದಲ್ಲಿ ಇದು ಕಾನೂನು. ಇದಕ್ಕೆಂದೇ ಇರುವ ‘ಒಂಟಾರಿಯೊ ಒನ್ ಕಾಲ್’ ಎಂಬ ಸೇವೆಗೆ ತಿಳಿಸಿದರೆ ಶುಲ್ಕವಿಲ್ಲದೆ ಗುರುತು ಹಾಕಿಸುತ್ತಾರೆ. ವಸಂತದಲ್ಲಿ ಅವರಿಗೂ ಕೆಲಸ ಹೆಚ್ಚು, ವಾರಗಳ ಮುಂಚೆಯೇ ಕೇಳಿಕೊಳ್ಳಿ. ಹುಲ್ಲು ತೆಗೆಯಲು ಅಗೆಯುವುದಕ್ಕಿಂತ ಸುಲಭದ ದಾರಿ ಒಂದಿದೆ: ಹಿಂದಿನ ಶರತ್ಕಾಲದಲ್ಲೇ ಹುಲ್ಲಿನ ಮೇಲೆ ಅಂಟುಪಟ್ಟಿ ಕಿತ್ತ ರಟ್ಟಿನ ಪೆಟ್ಟಿಗೆಗಳನ್ನು ಸಂದಿಲ್ಲದಂತೆ ಹಾಸಿ, ನೀರು ಕುಡಿಸಿ, ಮೇಲೆ ಕಾಂಪೋಸ್ಟ್ ಹರಡಿಬಿಟ್ಟರೆ ವಸಂತದ ಹೊತ್ತಿಗೆ ಹುಲ್ಲು ಸತ್ತು ಮಣ್ಣು ಮೆತ್ತಗಾಗಿರುತ್ತದೆ. ಕಳೆನಾಶಕದ ಯೋಚನೆ ಬೇಡ. ಅಂದಕ್ಕಾಗಿ ಕೀಟನಾಶಕ, ಕಳೆನಾಶಕ ಸಿಂಪಡಿಸುವುದನ್ನು ಒಂಟಾರಿಯೊ ಪ್ರಾಂತ್ಯ 2009ರಲ್ಲೇ ನಿಷೇಧಿಸಿದೆ. ಮರದ ಬುಡದ ಬಳಿ ಬೇರು ಕಡಿಯದಂತೆ ನೋಡಿಕೊಳ್ಳಿ.

ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರಿನಲ್ಲಿ ನೆಡಬಹುದು. ಮೊದಲ ಬೇಸಿಗೆಯಲ್ಲಿ ಮಳೆಯೂ ಸೇರಿ ವಾರಕ್ಕೆ ಎರಡೂವರೆ ಸೆಂಟಿಮೀಟರಿನಷ್ಟು ನೀರು ಸಿಗಬೇಕು; ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೆರಡು ಬಾರಿ ಆಳಕ್ಕಿಳಿಯುವಂತೆ ಹಾಯಿಸುವುದು ಮೇಲು. ಆ ವರ್ಷ ಹೂವು ಅಷ್ಟಕ್ಕಷ್ಟೇ. ನೋಡಿದವರು ‘ಇಷ್ಟೇನಾ’ ಎನ್ನಬಹುದು. ಬೇರು ಇಳಿಯುವ ವರ್ಷ ಅದು ಎಂದು ಫಲಕದಲ್ಲೇ ಒಂದು ಸಾಲು ಬರೆದಿಡಿ.

ಶರತ್ಕಾಲದಲ್ಲಿ ತೋಟವನ್ನು ಗುಡಿಸಿ ಬೋಳು ಮಾಡುವ ಉತ್ಸಾಹವನ್ನು ತಡೆದುಕೊಳ್ಳಬೇಕು. ಉದುರಿದ ಎಲೆಗಳಡಿ ಪತಂಗಗಳ ಕೋಶಗಳೂ ಬಂಬಲ್ ಬೀ ರಾಣಿಗಳೂ ಚಳಿಗಾಲ ಕಳೆಯುತ್ತವೆ. ಒಣಗಿದ ಕಾಂಡಗಳ ಒಳಗೆ ಸಣ್ಣ ಜೇನುಗಳು ಇರುತ್ತವೆ. ವಸಂತದಲ್ಲಿ ಹಗಲಿನ ಉಷ್ಣತೆ ಸತತವಾಗಿ 10 ಡಿಗ್ರಿ ದಾಟಿದ ಮೇಲೆ ಕಾಂಡಗಳನ್ನು ನೆಲದಿಂದ ಒಂದೂವರೆ ಅಡಿಯಷ್ಟು ಉಳಿಸಿ ಕತ್ತರಿಸಿ. ಆ ಮೋಟುಗಳಲ್ಲಿ ಹೊಸ ಜೇನುಗಳು ಗೂಡು ಮಾಡುತ್ತವೆ. ಕತ್ತರಿಸಿದ ಕಡ್ಡಿಗಳನ್ನೂ ಎಸೆಯದೆ ಮೂಲೆಯಲ್ಲಿ ರಾಶಿ ಹಾಕಿಡುವುದು ಒಳ್ಳೆಯದು. ಕಟ್ಟಡದ ಆಡಳಿತಕ್ಕೆ ಇದನ್ನು ಅಕ್ಟೋಬರಿನಲ್ಲೇ ಪತ್ರ ಬರೆದು ತಿಳಿಸದಿದ್ದರೆ ಎಲೆ ಊದುವ ಯಂತ್ರ ಬಂದು ಎಲ್ಲವನ್ನೂ ಹೊತ್ತೊಯ್ಯುತ್ತದೆ.

ಅನುದಾನದ ಕೊನೆಯಲ್ಲಿ ವರದಿ ಕೊಡಬೇಕಾಗುತ್ತದೆ. ಅದಕ್ಕೆ ಕೊನೆಯ ವಾರದಲ್ಲಿ ಪರದಾಡದಿರಲು ಮೊದಲ ದಿನದಿಂದಲೇ ಎಲ್ಲ ರಸೀದಿಗಳನ್ನು ಒಬ್ಬರ ಬಳಿ ಕೂಡಿಡಿ, ಪ್ರತಿಯೊಂದರ ಫೋಟೋವನ್ನು ಅಂದೇ ಗುಂಪಿಗೆ ಕಳುಹಿಸಿ, ಪ್ರತಿ ತಿಂಗಳು ಒಂದೇ ಜಾಗದಲ್ಲಿ ನಿಂತು ತೋಟದ ಚಿತ್ರ ತೆಗೆಯಿರಿ. ಕಾರ್ಯಕ್ರಮಗಳಿಗೆ ಎಷ್ಟು ಜನ ಬಂದರು ಎಂಬುದನ್ನು ಹಾಜರಿ ಹಾಳೆಯಲ್ಲಿ ಬರೆಸಿಕೊಳ್ಳಿ. ಮಕ್ಕಳ ಚಿತ್ರಗಳನ್ನು ಬಳಸುವುದಾದರೆ ಪೋಷಕರ ಸಹಿ ಬೇಕು. ಅಂದಾಜಿನಲ್ಲಿದ್ದ ಯಾವುದಾದರೂ ಬಾಬ್ತಿನ ಹಣವನ್ನು ಬೇರೆಯದಕ್ಕೆ ತಿರುಗಿಸಬೇಕಾಗಿ ಬಂದರೆ ಖರ್ಚು ಮಾಡುವ ಮುನ್ನ ನಗರದ ಅನುದಾನ ಸಿಬ್ಬಂದಿಗೆ ಬರೆದು ಕೇಳಿ, ಅವರ ಉತ್ತರವನ್ನು ರಸೀದಿಯ ಜೊತೆಗೇ ಲಗತ್ತಿಸಿಡಿ.